ಮಾಂಸಪರೀಕ್ಷೆಯ ಸ್ಪರ್ಧೆಯೂ ತೀರ್ಪಿನ ನುಡಿಯೂ: ರಾಯಚೂರು ಸೀಮೆಯನ್ನು ಕುರಿತು ಒಂದು ವಿಚಾರ

೧

ಒಂದು ವಸ್ತುವನ್ನು ನೋಡಿದೊಡನೆ ಅದರ ಗುಣವನ್ನು ಅರಿಯುವುದು ಒಂದು ವಿದ್ಯೆ. ಅರಿತುದಕ್ಕೆ ಕಾರಣವನ್ನು ಮತ್ತೊಬ್ಬರು ಒಪ್ಪುವಂತೆ ಹೇಳುವುದು ಇನ್ನೊಂದು ವಿದ್ಯೆ. ಇವೆರಡೂ ಒಬ್ಬನಲ್ಲಿಯೇ ಕೂಡಿರುವುದು ವಿರಳ. ಈ ಮಾತು ಕಾವ್ಯವಿಮರ್ಶೆಯಲ್ಲಿ ಎಷ್ಟು ನಿಜವೋ ಕುರಿಯ ಸಂತೆಯಲ್ಲಿಯೂ ಅಷ್ಟೇ ನಿಜವಾದುದು. ರಾಯಚೂರು, ದೇವದುರ್ಗ, ಮಾನ್ವಿ ಎಂಬ ಮೂರು ಊರುಗಳ ಸುತ್ತಣ ಸೀಮೆಯಲ್ಲಿ ಕುರಿಯ ಗುಣವನ್ನು ನೋಟದಿಂದಲೂ ಸ್ಪರ್ಶದಿಂದಲೂ ಅರಿಯುವವರು ತಲೆತಲಾಂತರದಿಂದ ಇದ್ದಾರೆ. ಆದರೆ ಪದವಿಯ ಪತ್ರವಿಲ್ಲದ ಆ ಅರಿವನ್ನು ಉದ್ಯೋಗದ ಅರ್ಹತೆಯೆಂದು ಎಣಿಸುವ ವಾಡಿಕೆಯಿಲ್ಲ.

ಅಮೆರಿಕಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಇಂತಹ ಅರಿವನ್ನೇ ವಿದ್ಯಾರ್ಥಿಗಳಿಗೆ ಕಲಿಸಿ, ಸ್ಪರ್ಧೆಯಲ್ಲಿ ಪರೀಕ್ಷಿಸಿ, ಆ ಮೂಲಕ ಅವರನ್ನು ಮಾಂಸೋದ್ಯಮದ ಕಡೆಗೆ ಕರೆತರುವ ಪದ್ಧತಿಯೊಂದು ಬೆಳೆದಿದೆ. ಅದರ ಸ್ವರೂಪವೇನು, ಅದರ ಜೀವಾಳವಾವುದು, ರಾಯಚೂರು ಸೀಮೆಗೆ ಅದು ಹೇಗೆ ಸಂಬಂಧಿಸುವುದು ಎಂಬ ಮೂರು ಅಂಶಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸಲಾಗುವುದು. ಇದು ಪಶುವೈದ್ಯರಿಗೆ ಮಾತ್ರ ಸೇರಿದ ವಿಷಯವೆಂದು ಭಾಷೆಯ ಉಪಾಧ್ಯಾಯರು ತಿಳಿಯಬೇಕಾಗಿಲ್ಲ; ಏಕೆಂದರೆ ಕೊನೆಗೆ ಇದು ನುಡಿಯ ಪ್ರಶ್ನೆಯಾಗಿಯೇ ನಿಲ್ಲುವುದು.

೨

ಕಾಲೇಜುಗಳ ನಡುವಣ ಮೊದಲನೆಯ ಮಾಂಸಪರೀಕ್ಷೆಯ ಸ್ಪರ್ಧೆ ನಡೆದುದು ೧೯೨೬ರಲ್ಲಿ, ಅಮೆರಿಕಾದ ಷಿಕಾಗೋ ನಗರದ ಅಂತರರಾಷ್ಟ್ರೀಯ ಪಶುಪ್ರದರ್ಶನದ ಸಂದರ್ಭದಲ್ಲಿ. ಆ ಕಾಲವು ಗಮನಿಸತಕ್ಕದ್ದಾಗಿದೆ. ಮರುವರ್ಷವೇ, ಎಂದರೆ ೧೯೨೭ರಲ್ಲಿ, ಆ ದೇಶದ ಸರ್ಕಾರವು ಮಾಂಸಕ್ಕೆ ದರ್ಜೆಯನ್ನು ಕೊಡುವ ಕಾರ್ಯವನ್ನು ಆರಂಭಿಸಿತು. ದರ್ಜೆ ಎಂಬುದು ಕಾಗದದ ಮೇಲೆ ಬರೆದ ನಿಯಮದಿಂದ ಮಾತ್ರ ನಿಲ್ಲುವುದಿಲ್ಲ. ಬೇರೆ ಬೇರೆ ಊರುಗಳಲ್ಲಿ ನಿಂತ ಬೇರೆ ಬೇರೆ ಪರೀಕ್ಷಕರ ಕಣ್ಣುಗಳು ಒಂದೇ ರೀತಿಯಲ್ಲಿ ನೋಡಬೇಕು. ಅಂತಹ ಕಣ್ಣುಗಳನ್ನು ಪಳಗಿಸುವ ಗರಡಿಯಾಗಿ ಈ ಸ್ಪರ್ಧೆಗಳು ಒದಗಿದುವು. ಇಂದು ಅಮೆರಿಕಾದಲ್ಲಿ ಅಲ್ಲಿಯ ಮಾಂಸವಿಜ್ಞಾನ ಸಂಘವು ಇವನ್ನು ನಡೆಸುತ್ತಿದೆ. ಆಸ್ಟ್ರೇಲಿಯಾದಲ್ಲಿ ೧೯೯೦ರಿಂದ ಇದೇ ಮಾದರಿಯ ಕಾರ್ಯ ನಡೆದುಬಂದಿದೆ. ಅಲ್ಲಿ ಸ್ಪರ್ಧೆಯ ಜೊತೆಗೆ ಉಪನ್ಯಾಸಗಳೂ ಕಾರ್ಖಾನೆಗಳ ಸಂದರ್ಶನವೂ ಉದ್ಯೋಗದಾತರ ಭೇಟಿಯೂ ಸೇರಿರುವುವು.

ಸ್ಪರ್ಧೆಯ ಕ್ರಮವು ಸರಳವಾದುದು. ಚರ್ಮವನ್ನು ಸುಲಿದು, ಕರುಳು ಮೊದಲಾದುವನ್ನು ತೆಗೆದು, ಕೊಕ್ಕೆಗೆ ತೂಗುಹಾಕಿದ ಪ್ರಾಣಿಯ ಇಡೀ ಮೈಯನ್ನು ಈ ಲೇಖನದಲ್ಲಿ ‘ಒಡಲು’ ಎಂದು ಕರೆಯಲಾಗಿದೆ. ಅಂತಹ ನಾಲ್ಕು ಒಡಲುಗಳನ್ನು ತಂಪಾದ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿರುವರು. ವಿದ್ಯಾರ್ಥಿಯು ಅವನ್ನು ಮುಟ್ಟದೆ, ಇತರರೊಡನೆ ಮಾತನಾಡದೆ, ಗೊತ್ತಾದ ಹೊತ್ತಿನೊಳಗೆ ಉತ್ತಮವಾದುದರಿಂದ ಕನಿಷ್ಠವಾದುದರವರೆಗೆ ಸಾಲುಗೊಳಿಸಬೇಕು. ನಾಲ್ಕನ್ನು ಸಾಲುಗೊಳಿಸುವುದಕ್ಕೆ ೨೪ ವಿಧಗಳುಂಟು. ತಜ್ಞರ ತೀರ್ಪು ಅವುಗಳಲ್ಲಿ ಒಂದು.

ಅಂಕಗಳನ್ನು ಕೊಡುವ ರೀತಿಯಲ್ಲಿ ಒಂದು ವಿವೇಕವಿದೆ. ಪ್ರತಿ ಸಾಲಿಗೆ ೫೦ ಅಂಕಗಳು. ತಜ್ಞರು ಸಾಲನ್ನು ಹೇಳುವುದಲ್ಲದೆ, ಅಕ್ಕಪಕ್ಕದ ಎರಡರ ನಡುವೆ ಇರುವ ಅಂತರವನ್ನೂ ಅಂಕಿಯಲ್ಲಿ ಹೇಳುವರು. ಮೊದಲನೆಯದಕ್ಕೂ ಎರಡನೆಯದಕ್ಕೂ ೨, ಎರಡನೆಯದಕ್ಕೂ ಮೂರನೆಯದಕ್ಕೂ ೫, ಮೂರನೆಯದಕ್ಕೂ ನಾಲ್ಕನೆಯದಕ್ಕೂ ೩ ಅಂತರವೆಂದು ಇಟ್ಟುಕೊಂಡರೆ, ಮೊದಲಿನೆರಡನ್ನು ಅದಲುಬದಲು ಮಾಡಿದವನಿಗೆ ೪೮ ಅಂಕಗಳು ಬರುವುವು. ನಡುವಿನ ಎರಡನ್ನು ಅದಲುಬದಲು ಮಾಡಿದವನಿಗೆ ೪೫. ಇಡೀ ಸಾಲನ್ನೇ ತಲೆಕೆಳಗು ಮಾಡಿದವನಿಗೆ, ತಪ್ಪಿದ ಆರು ಜೋಡಿಗಳ ಅಂತರವೂ ಸೇರಿ ೩೫ ಕಳೆದು, ೧೫ ಮಾತ್ರ ಉಳಿಯುವುವು. ಎಂದರೆ, ಸೂಕ್ಷ್ಮವಾದ ಭೇದವನ್ನು ಕಾಣದಿರುವುದು ಅಲ್ಪದೋಷ. ಎದ್ದು ಕಾಣುವ ಭೇದವನ್ನು ಕಾಣದಿರುವುದು ಮಹಾದೋಷ.

೩

ಆದರೆ ಸಾಲುಗೊಳಿಸುವುದು ಅರ್ಧ ಕೆಲಸವೇ. ಕೆಲವು ಸಾಲುಗಳಿಗೆ ವಿದ್ಯಾರ್ಥಿಯು ತನ್ನ ತೀರ್ಪಿನ ಕಾರಣಗಳನ್ನು ಬರೆದು ಕೊಡಬೇಕು. ಕಾರಣಗಳಿಗೆ ಪ್ರತ್ಯೇಕವಾದ ಅಂಕಗಳುಂಟು. ಇದೇ ಈ ಪದ್ಧತಿಯ ಜೀವಾಳ.

ಕಾರಣವನ್ನು ಬರೆಯುವುದಕ್ಕೆ ಗೊತ್ತಾದ ನಿಯಮಗಳಿವೆ. ಒಂದು ಒಡಲನ್ನು ‘ಚೆನ್ನಾಗಿದೆ’ ಎಂದು ಹೇಳಿದರೆ ಸಾಲದು. ಪಕ್ಕದ ಒಡಲಿಗಿಂತ ಯಾವ ಅಂಗದಲ್ಲಿ, ಯಾವ ಗುಣದಿಂದ ಮೇಲೆಂಬುದನ್ನು ಹೇಳಬೇಕು. ತೊಡೆಯು ಹೆಚ್ಚು ತುಂಬಿದೆಯೇ. ೧೨ ಮತ್ತು ೧೩ನೆಯ ಪಕ್ಕೆಲುಬುಗಳ ನಡುವೆ ಕೊಯ್ದಾಗ ಕಾಣುವ ಬೆನ್ನಿನ ಖಂಡವು ಎಷ್ಟು ಅಗಲವಾಗಿದೆ. ಮೇಲ್ಗಡೆಯ ಕೊಬ್ಬು ತೆಳುವೋ ದಪ್ಪವೋ. ಖಂಡದೊಳಗೆ ನೆಣದ ಎಳೆಗಳು ಹಬ್ಬಿವೆಯೇ. ಬಣ್ಣವು ತಿಳಿಗೆಂಪೋ ಕಪ್ಪಿಗೆ ತಿರುಗಿದೆಯೋ ಎಂಬೀ ಲಕ್ಷಣಗಳನ್ನು ಒಂದೊಂದು ಜೋಡಿಗೂ ಹೋಲಿಸಿ ಬರೆಯಬೇಕು. ಎಳೆಯ ಕುರಿಯ ಮುಂಗಾಲಿನ ಎಲುಬನ್ನು ಮುರಿದಾಗ ಕೆಂಪಾಗಿ ತೇವವಾಗಿರುವ ಹಲ್ಲುಹಲ್ಲಾದ ಕೀಲು ಕಾಣುವುದು. ಮುದಿ ಕುರಿಯಲ್ಲಿ ಆ ಜಾಗವು ಬಲಿತು ನುಣುಪಾಗಿ ಬಿಳುಪಾಗಿರುವುದು. ಇಂತಹ ಸಾಕ್ಷ್ಯವನ್ನು ಕಂಡುದನ್ನು ಕಂಡಂತೆಯೇ ಹೇಳಬೇಕಲ್ಲದೆ ಅಲಂಕಾರದ ಮಾತಿಗೆ ಇಲ್ಲಿ ಎಡೆಯಿಲ್ಲ.

ಇನ್ನೂ ಒಂದು ನಿಯಮವುಂಟು. ಎರಡನೆಯ ಸ್ಥಾನದಲ್ಲಿಟ್ಟ ಒಡಲಿನಲ್ಲಿ ಮೊದಲನೆಯದಕ್ಕಿಂತ ಮೇಲಾದ ಗುಣವೇನಾದರೂ ಇದ್ದರೆ ಅದನ್ನು ಮರೆಮಾಡದೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೂ ತನ್ನ ತೀರ್ಪು ಏಕೆ ನಿಲ್ಲುವುದೆಂಬುದನ್ನು ತೋರಿಸಬೇಕು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಿ ಆಮೇಲೆ ಸಿದ್ಧಾಂತವನ್ನು ಸ್ಥಾಪಿಸುವ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು.

ಈ ಅಭ್ಯಾಸವೇ ಉದ್ಯೋಗಕ್ಕೆ ದಾರಿಯಾಗುವುದು. ಕಾರ್ಖಾನೆಯ ಒಡೆಯನಿಗೆ ಬೇಕಾದವನು ಪ್ರಾಣಿಶಾಸ್ತ್ರವನ್ನು ಬಾಯಿಪಾಠ ಮಾಡಿದವನಲ್ಲ. ನೂರು ಒಡಲುಗಳ ಸಾಲಿನ ಮುಂದೆ ನಿಂತು ಬೇಗನೆ ನಿರ್ಣಯಿಸಿ, ಮಾರುವವನಿಗೂ ಕೊಳ್ಳುವವನಿಗೂ ಆ ನಿರ್ಣಯವನ್ನು ಸಮರ್ಥಿಸಬಲ್ಲವನು. ಗುಣನಿಯಂತ್ರಣ, ಖರೀದಿ, ದರ್ಜೆಯ ನಿರ್ಣಯ, ಶೀತಲಾಗಾರದ ಮೇಲ್ವಿಚಾರಣೆ, ತರಬೇತಿ ಈ ಎಲ್ಲ ಕೆಲಸಗಳಿಗೂ ಬುನಾದಿ ಕಾರಣಸಹಿತವಾದ ತೀರ್ಪೇ ಆಗಿದೆ.

೪

ಇನ್ನು ರಾಯಚೂರು ಸೀಮೆಯ ವಿಚಾರ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿನಲ್ಲಿ ದೇವದುರ್ಗವು ಕೃಷ್ಣೆಯ ಕಡೆಗೂ ಮಾನ್ವಿಯು ತುಂಗಭದ್ರೆಯ ಕಡೆಗೂ ಇವೆ. ಕಾಲುವೆಗಳು ಬಂದ ಮೇಲೆ ಬತ್ತದ ಗದ್ದೆಗಳು ಹಬ್ಬಿದರೂ ಕುರಿಯ ಸಾಕಣೆ ಅಳಿದಿಲ್ಲ. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಯ ಮಂದೆಯನ್ನು ನಿಲ್ಲಿಸುವ ರೂಢಿ ಇಂದಿಗೂ ಉಳಿದಿದೆ. ಕಂಬಳಿಯ ಉಣ್ಣೆಗೆ ಹೆಸರಾದ ದಖನಿ ತಳಿಯಲ್ಲದೆ, ಮಾಂಸಕ್ಕಾಗಿಯೇ ಸಾಕುವ ಕೆಂಗುರಿ ತಳಿಗೆ ರಾಯಚೂರು ಕೊಪ್ಪಳ ಜಿಲ್ಲೆಗಳೇ ತವರು. ‘ಕೆಂಗುರಿ’ ಎಂಬುದು ಕೆಂಪು ಕುರಿ ಎಂಬ ಅರ್ಥದ ಸಮಾಸ. ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ತಳಿಯ ಹೆಸರೇ ಒಂದು ಲಕ್ಷಣವನ್ನು ಹೇಳುತ್ತಿರುವುದನ್ನು ಇಲ್ಲಿ ಗಮನಿಸಬಹುದು.

ಕುರುಬನ ಪರೀಕ್ಷೆ ಬಾಯಿಯಿಂದ ಮೊದಲಾಗುವುದು. ಕುರಿಗೆ ಮುಂಭಾಗದ ಬಾಚಿಹಲ್ಲುಗಳು ಕೆಳದವಡೆಯಲ್ಲಿ ಮಾತ್ರ ಎಂಟು. ಸುಮಾರು ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ನಡುವಣ ಎರಡು ಹಾಲುಹಲ್ಲುಗಳು ಬಿದ್ದು ದೊಡ್ಡ ಹಲ್ಲುಗಳು ಬರುವುವು, ಎರಡು ವರ್ಷದ ಸುಮಾರಿಗೆ ನಾಲ್ಕು, ಆಮೇಲೆ ಆರು, ಕೊನೆಗೆ ಎಂಟು. ‘ಎರಡು ಹಲ್ಲಿನ ಟಗರು’ ಎಂದರೆ ವಯಸ್ಸೂ ಬೆಲೆಯೂ ಮಾಂಸದ ಎಳೆತನವೂ ಒಂದೇ ಮಾತಿನಲ್ಲಿ ತಿಳಿದುಹೋಗುವುವು. ಆಮೇಲೆ ಕೈಯು ಬೆನ್ನೆಲುಬಿನ ಮೇಲೆ ಹೋಗುವುದು. ಎಲುಬಿನ ಮೊನೆಗಳು ಚುಚ್ಚಿದರೆ ಬಡಕಲು. ಖಂಡದಲ್ಲಿ ಮುಚ್ಚಿಹೋಗಿದ್ದರೆ ಮೈತುಂಬಿದುದು. ಪಶುವೈದ್ಯಶಾಸ್ತ್ರವು ಇದೇ ಜಾಗವನ್ನು ಮುಟ್ಟಿ, ಇದನ್ನೇ ಒಂದರಿಂದ ಐದರವರೆಗಿನ ಅಂಕಿಗಳಲ್ಲಿ ಗುರುತಿಸುವುದು.

ಅದೇ ಕುರಿಯು ಕಟುಕನ ಅಂಗಡಿಗೆ ಬಂದೊಡನೆ ನುಡಿಯು ಬದಲಾಗುವುದು. ನಿಜಾಮರ ಸಂಸ್ಥಾನದಲ್ಲಿ ಬಹುಕಾಲ ಸೇರಿದ್ದ ಈ ಸೀಮೆಯಲ್ಲಿ ಮಾಂಸದ ವ್ಯಾಪಾರದ ಮಾತಿನ ಮೇಲೆ ದಖನಿ ಉರ್ದುವಿನ ಪ್ರಭಾವ ಹೆಚ್ಚು. ಹಿಂದೊಡೆಗೆ ರಾನ್, ಮುಂಗಾಲಿಗೆ ದಸ್ತ್, ಎದೆಗೆ ಸೀನಾ, ಪಕ್ಕೆಗೆ ಚಾಂಪ್, ಕುತ್ತಿಗೆಗೆ ಗರ್ದನ್, ಕೊಬ್ಬಿಗೆ ಚರ್ಬಿ ಎಂಬ ಹೆಸರುಗಳು ಉರ್ದುವಿನಿಂದ ಬಂದುವು. ಈ ಶಬ್ದಗಳಿಗೂ ಕುರುಬನ ಕನ್ನಡದಷ್ಟೇ ಖಚಿತವಾದ ಅರ್ಥವಿದೆ. ಕತ್ತಿಯು ಯಾವ ಕೀಲಿನಲ್ಲಿ ಹೋಗಬೇಕೆಂಬುದು ಅವುಗಳಲ್ಲಿ ಅಡಗಿದೆ.

ಮೂರನೆಯದು ಕಾಲೇಜಿನ ನುಡಿ. ಬೀದರಿನ ಪಶುವೈದ್ಯ ಮಹಾವಿದ್ಯಾಲಯವು ೧೯೮೬ರಲ್ಲಿ ಸ್ಥಾಪಿತವಾಯಿತು. ೨೦೦೪ರಲ್ಲಿ ರೂಪುಗೊಂಡ ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಬೀದರೇ ನೆಲೆ. ಪಶುವೈದ್ಯ ಪದವಿಯ ಪಾಠಕ್ರಮದಲ್ಲಿ ಪಶು ಉತ್ಪನ್ನಗಳ ತಂತ್ರಜ್ಞಾನವೆಂಬ ವಿಷಯವಿದ್ದು, ಮಾಂಸದ ಪರೀಕ್ಷೆಯೂ ಅದರಲ್ಲಿ ಅಡಕವಾಗಿದೆ. ಪಾಠವು ನಡೆಯುವುದು ಇಂಗ್ಲಿಷಿನಲ್ಲಿ. ದೇವದುರ್ಗದ ಕುರುಬನ ಮಗನು ಅಲ್ಲಿಗೆ ಹೋದರೆ, ತಂದೆಯ ಕೈಯಲ್ಲಿದ್ದ ಅರಿವಿಗೆ ಹೊಸ ಹೆಸರುಗಳನ್ನು ಕಲಿಯುವನು. ಆದರೆ ಹಳೆಯ ಹೆಸರಿಗೂ ಹೊಸ ಹೆಸರಿಗೂ ನಡುವೆ ಸೇತುವೆಯನ್ನು ಕಟ್ಟಿಕೊಡುವವರು ಇರುವುದಿಲ್ಲ. ತನಗೆ ಮೊದಲೇ ತಿಳಿದಿದ್ದ ವಿಷಯವನ್ನು ತಿಳಿಯದ ವಿಷಯವೆಂದು ಭಾವಿಸಿ ಅವನು ಹಿಂದೆ ಸರಿಯುವ ಅಪಾಯವುಂಟು.

ಹೀಗೆ, ಜೀವಂತ ಕುರಿಯು ಕನ್ನಡದಲ್ಲಿಯೂ, ಕಡಿದ ಮಾಂಸವು ಉರ್ದುವಿನಲ್ಲಿಯೂ, ಪರೀಕ್ಷೆಯ ಶಾಸ್ತ್ರವು ಇಂಗ್ಲಿಷಿನಲ್ಲಿಯೂ ಇವೆ. ಇವು ಮೂರೂ ಒಂದೇ ಬಾಯಿಯಲ್ಲಿ ಸೇರಿದಲ್ಲದೆ ಕಾರಣಸಹಿತವಾದ ತೀರ್ಪು ಈ ಸೀಮೆಯಲ್ಲಿ ಹುಟ್ಟಲಾರದು.

೫

ತೀರ್ಪಿಗೆ ನುಡಿಯಿಲ್ಲದಿದ್ದರೆ ಬರುವ ನಷ್ಟವು ಸಂತೆಯಲ್ಲಿ ಕಣ್ಣಿಗೆ ಕಾಣುವುದು. ನಮ್ಮ ಜಾನುವಾರು ಸಂತೆಗಳಲ್ಲಿ ವಲ್ಲಿಯ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆಯನ್ನು ಗೊತ್ತುಮಾಡುವ ಹಳೆಯ ರೂಢಿಯುಂಟು. ಕಣ್ಣಳತೆಯಿಂದಲೇ ತೂಕವನ್ನು ಊಹಿಸುವರು. ಬೆಲೆ ಮೌನದಲ್ಲಿ ಹುಟ್ಟುವುದು, ಕಾರಣವು ಹೊರಗೆ ಬರುವುದಿಲ್ಲ. ದಿನವೂ ನೂರಾರು ಕುರಿಗಳನ್ನು ನೋಡುವ ದಲಾಲಿಗೆ ಈ ಮೌನವು ಲಾಭಕರ. ವರ್ಷಕ್ಕೆ ಕೆಲವು ಸಲ ಮಾತ್ರ ಮಾರುವ ಸಾಕಣೆಗಾರನಿಗೆ ಅಲ್ಲ.

ಒಂದು ಲೆಕ್ಕವನ್ನು ನೋಡಬಹುದು. ಕುರಿಯ ಜೀವಂತ ತೂಕದಲ್ಲಿ ಒಡಲಿನ ತೂಕವು ಸಾಮಾನ್ಯವಾಗಿ ನೂರಕ್ಕೆ ೪೫ರಿಂದ ೫೦ರಷ್ಟು ಬರುವುದು. ೩೦ ಕಿಲೋ ತೂಗುವ ಎರಡು ಟಗರುಗಳಲ್ಲಿ ಒಂದು ನೂರಕ್ಕೆ ೪೫ರಂತೆ ೧೩.೫ ಕಿಲೋ ಒಡಲನ್ನೂ ಇನ್ನೊಂದು ೫೦ರಂತೆ ೧೫ ಕಿಲೋ ಒಡಲನ್ನೂ ಕೊಟ್ಟರೆ ಭೇದವು ಒಂದೂವರೆ ಕಿಲೋ. ಹೊಟ್ಟೆಯಲ್ಲಿ ತುಂಬಿದ ನೀರು ಮೇವುಗಳಿಂದಲೂ ಉಣ್ಣೆಯ ದಪ್ಪದಿಂದಲೂ ಈ ಭೇದವು ಮರೆಯಾಗಿರುವುದು. ಇದನ್ನು ಹೊರಗಿನಿಂದಲೇ ಕಂಡುಹಿಡಿದು ಮಾತಿನಲ್ಲಿ ಹೇಳಬಲ್ಲವನು ಮಂದೆಯ ಒಡೆಯನ ಪಕ್ಕದಲ್ಲಿ ನಿಂತರೆ ಬೆಲೆಯ ಮಾತು ಬೇರೆಯಾಗುವುದು.

ಇನ್ನು ಕೆಲವು ಗುಣಗಳು ಒಡಲಿನಲ್ಲಿ ಮಾತ್ರ ಗೋಚರಿಸುವುವು; ಅವುಗಳ ಕಾರಣವು ಮಾತ್ರ ಹಿಂದಿನ ದಿನದ ದಾರಿಯಲ್ಲಿರುವುದು. ಜೀವಂತ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹವಿದೆ. ಪ್ರಾಣ ಹೋದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು, ಒಂದು ದಿನದೊಳಗೆ ಮಾಂಸದ ಪಿಎಚ್ ಮಾನವು ೭ರ ಸಮೀಪದಿಂದ ೫.೫ರ ಸಮೀಪಕ್ಕೆ ಇಳಿಯುವುದು. ಈ ಹುಳಿಯೇ ಮಾಂಸಕ್ಕೆ ತಿಳಿಗೆಂಪು ಬಣ್ಣವನ್ನೂ ಬಾಳಿಕೆಯನ್ನೂ ಕೊಡುವುದು. ಬಿಸಿಲಿನಲ್ಲಿ ಬಹುದೂರ ನಡೆದು, ಲಾರಿಯಲ್ಲಿ ಇಕ್ಕಟ್ಟಾಗಿ ನಿಂತು, ಹೆದರಿ ದಣಿದ ಪ್ರಾಣಿಯಲ್ಲಿ ಆ ಸಕ್ಕರೆಯು ಮೊದಲೇ ಕರಗಿಹೋಗಿರುವುದರಿಂದ ಹುಳಿಯು ಸಾಕಷ್ಟು ಹುಟ್ಟುವುದಿಲ್ಲ. ಮಾಂಸವು ಕಪ್ಪಾಗಿ, ಬಿಗಿಯಾಗಿ, ಬೇಗ ಕೆಡುವುದಾಗಿ ಪರಿಣಮಿಸುವುದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರಿ ಕಾಯುವ ರಾಯಚೂರಿನಂತಹ ಊರಿಗೆ ಈ ತಿಳಿವಳಿಕೆ ಅತ್ಯವಶ್ಯವಾದುದು. ೨೦೦೧ರ ಕಸಾಯಿಖಾನೆಗಳ ನಿಯಮಗಳು ವಧೆಗೆ ಮುಂಚೆ ಪ್ರಾಣಿಗೆ ೨೪ ಗಂಟೆಗಳ ವಿಶ್ರಾಂತಿಯನ್ನು ವಿಧಿಸಿವೆ. ಇಲ್ಲಿ ದಯೆಯೂ ಲಾಭವೂ ಒಂದೇ ದಾರಿಯನ್ನು ಹಿಡಿದಿರುವುವು. ಒಡಲಿನ ಬಣ್ಣದಿಂದ ದಾರಿಯ ಕಷ್ಟವನ್ನು ಓದಬಲ್ಲ ವಿದ್ಯಾರ್ಥಿಯು ಪ್ರಾಣಿಯ ಪರವಾಗಿಯೂ ಸಾಕ್ಷಿ ನುಡಿಯಬಲ್ಲನು.

ಅದೇ ನಿಯಮಗಳಲ್ಲಿ, ಒಬ್ಬ ಪಶುವೈದ್ಯನು ಗಂಟೆಗೆ ೧೨ಕ್ಕಿಂತಲೂ ದಿನಕ್ಕೆ ೯೬ಕ್ಕಿಂತಲೂ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಕೂಡದೆಂಬ ಮಿತಿಯುಂಟು. ಎಂದರೆ ಒಂದು ಪ್ರಾಣಿಗೆ ಐದು ನಿಮಿಷ. ಊರುಗಳು ಬೆಳೆದಂತೆ ಈ ಮಿತಿಯನ್ನು ಪಾಲಿಸುವುದಕ್ಕೆ ಎಷ್ಟು ಪರೀಕ್ಷಕರು ಬೇಕಾಗುವರೆಂಬುದನ್ನು ಯಾರಾದರೂ ಗುಣಿಸಿಕೊಳ್ಳಬಹುದು.

೬

ಹೀಗಿದ್ದರೂ ಈ ಉದ್ಯೋಗದ ಕಡೆಗೆ ತರುಣರು ತಿರುಗದಿರುವುದಕ್ಕೆ ನುಡಿಯಲ್ಲಿಯೇ ಒಂದು ಕಾರಣವಿದೆ. ‘ಕಟುಕ’ ಎಂಬ ಶಬ್ದವು ಕನ್ನಡದಲ್ಲಿ ಒಂದು ಕಸುಬಿನ ಹೆಸರಾಗಿಯೂ ಕ್ರೂರಿಯೆಂಬ ಬೈಗುಳಾಗಿಯೂ ಬಳಕೆಯಲ್ಲಿದೆ. ಕಸುಬಿನ ಹೆಸರೇ ನಿಂದೆಯಾದಲ್ಲಿ ಆ ಕಸುಬಿನ ವಿದ್ಯೆಗೆ ಗೌರವವು ದೊರೆಯುವುದು ಕಷ್ಟ.

ಕನ್ನಡ ಸಾಹಿತ್ಯದ ಒಲವು ಅಹಿಂಸೆಯ ಕಡೆಗೆ ಹೆಚ್ಚಾಗಿರುವುದು ಸರ್ವವಿದಿತ. ಜನ್ನನ ಯಶೋಧರ ಚರಿತೆಯಲ್ಲಿ (ಕ್ರಿ.ಶ. ೧೨೦೯) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೇ ಜನ್ಮಜನ್ಮಾಂತರಗಳ ದುಃಖಕ್ಕೆ ಮೂಲವಾಗುವುದು. ಆ ನೈತಿಕ ದೃಷ್ಟಿಯ ಘನತೆಯನ್ನು ಯಾರೂ ಅಲ್ಲಗಳೆಯಲಾರರು. ಮಾಂಸವನ್ನು ತಿನ್ನಬೇಕೆಂದಾಗಲಿ ಬಿಡಬೇಕೆಂದಾಗಲಿ ವಾದಿಸುವುದು ಇಲ್ಲಿಯ ಉದ್ದೇಶವೂ ಅಲ್ಲ. ಆದರೆ ಅದೇ ನಾಡಿನಲ್ಲಿ ಇನ್ನೊಂದು ಧಾರೆಯೂ ಹರಿದಿದೆಯೆಂಬುದನ್ನು ಮರೆಯಲಾಗದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿಗೆ ರಚಿಸಿದ ಸಂಸ್ಕೃತ ಮಾನಸೋಲ್ಲಾಸದಲ್ಲಿ ಮಾಂಸಪಾಕಗಳ ವಿವರವೂ ಟಗರುಗಳ ಕಾಳಗವನ್ನು ಕುರಿತ ಮೇಷವಿನೋದವೂ ಇವೆ. ಅದೇ ಕಾಲದ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿಯೇ ಬರೆದನು. ಪ್ರಾಣಿಯ ಮೈಯನ್ನು ಕುರಿತು ಶಾಸ್ತ್ರೀಯವಾಗಿ ಬರೆಯುವ ಶಕ್ತಿ ಕನ್ನಡಕ್ಕೆ ಒಂಬತ್ತು ನೂರು ವರ್ಷಗಳ ಹಿಂದೆಯೇ ಇದ್ದಿತು. ನೆಣ, ಖಂಡ, ಅಡಗು, ಬಾಡು ಮೊದಲಾದ ಶಬ್ದಗಳು ನಮ್ಮ ನಿಘಂಟುಗಳಲ್ಲಿ ಇಂದಿಗೂ ಇವೆ. ಅವು ಪಾಠಶಾಲೆಯ ಬಾಗಿಲನ್ನು ಮಾತ್ರ ದಾಟಿಲ್ಲ.

೭

ಮೇಲೆ ಹೇಳಿದ ಸ್ಪರ್ಧೆಯನ್ನು ರಾಯಚೂರು ಸೀಮೆಗೆ ಹೊಂದಿಸುವುದಾದರೆ ಅಮೆರಿಕಾದ ಮಾದರಿಯನ್ನು ಹಾಗೆಯೇ ತರುವುದು ಉಚಿತವಲ್ಲ. ಅಲ್ಲಿ ದನದ ಮಾಂಸವೇ ಪ್ರಧಾನ. ಕರ್ನಾಟಕದಲ್ಲಿಯಾದರೋ ಗೋಹತ್ಯೆಯನ್ನು ನಿಷೇಧಿಸುವ ಕಾನೂನು ೨೦೨೧ರಿಂದ ಜಾರಿಯಲ್ಲಿದೆ. ಇಲ್ಲಿಗೆ ತಕ್ಕುದು ಕುರಿಯೂ ಆಡೂ. ಅಲ್ಲಿ ಒಡಲಿನಿಂದ ಆರಂಭವಾಗುವ ಪರೀಕ್ಷೆಯು ಇಲ್ಲಿ ಜೀವಂತ ಕುರಿಯಿಂದ ಆರಂಭವಾಗುವುದು ಲೇಸು. ಏಕೆಂದರೆ ಈ ಸೀಮೆಯ ಅರಿವು ಇರುವುದು ಅಲ್ಲಿಯೇ.

ಅದಕ್ಕೆ ಬೇಕಾದ ಸಾಧನಗಳು ಅಲ್ಪ. ವಧೆಗೆಂದು ಮೊದಲೇ ಗೊತ್ತಾದ ನಾಲ್ಕು ಕುರಿಗಳು, ಒಂದು ತಕ್ಕಡಿ, ಕಾರಣಗಳನ್ನು ಬರೆಯುವುದಕ್ಕೆ ಕಾಗದ. ವಧೆಯ ಮುನ್ನಾದಿನ ಕುರುಬರೂ ವಿದ್ಯಾರ್ಥಿಗಳೂ ಅವನ್ನು ಸಾಲುಗೊಳಿಸಿ ಕಾರಣಗಳನ್ನು ಹೇಳುವುದು. ವಧೆಯಾದ ಮರುದಿನ ಅವೇ ನಾಲ್ಕರ ಒಡಲುಗಳನ್ನು ಪಶುವೈದ್ಯನ ಮುಂದೆ ತೂಗಿ ನೋಡಿ ಎರಡು ತೀರ್ಪುಗಳನ್ನೂ ಹೋಲಿಸುವುದು. ಕುರುಬನ ಕೈ ಎಲ್ಲಿ ಗೆದ್ದಿತು, ವಿದ್ಯಾರ್ಥಿಯ ಶಾಸ್ತ್ರವು ಎಲ್ಲಿ ಗೆದ್ದಿತು ಎಂಬುದು ಆಗ ಅಂಕಿಯಲ್ಲಿ ತಿಳಿಯುವುದು. ಗೆದ್ದವರಿಗೆ ಕೊಡುವ ಪ್ರಶಸ್ತಿಪತ್ರವು ಉದ್ಯೋಗದ ಬಾಗಿಲಲ್ಲಿ ತೋರಿಸಬಹುದಾದ ಮೊದಲನೆಯ ಕಾಗದವಾಗುವುದು. ೧೯೯೯ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾಂಸ ಸಂಶೋಧನ ಸಂಸ್ಥೆಯೂ ಬೀದರಿನ ವಿಶ್ವವಿದ್ಯಾಲಯವೂ ಈ ಸೀಮೆಗೆ ದೂರವಲ್ಲ. ಅಲ್ಲಿಯ ತಜ್ಞರು ತೀರ್ಪುಗಾರರಾಗಿ ಬಂದರೆ ಆ ಕಾಗದಕ್ಕೆ ಬೆಲೆಯು ಹೆಚ್ಚುವುದು.

ಭಾಷೆಯ ಉಪಾಧ್ಯಾಯರ ಪಾಲಿನ ಕೆಲಸವು ಇದಕ್ಕಿಂತ ಮೊದಲಿನದು. ಕುರುಬನ ಕನ್ನಡ, ಕಟುಕನ ಉರ್ದು, ಕಾಲೇಜಿನ ಇಂಗ್ಲಿಷು ಈ ಮೂರರ ಶಬ್ದಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿ ಬರೆದಿಡುವ ಸಣ್ಣ ಪದಕೋಶವೊಂದು ಬೇಕಾಗಿದೆ. ಮಾನ್ವಿಯ ಪಾಠಶಾಲೆಯ ಮಕ್ಕಳು ತಮ್ಮ ಮನೆಯ ಹಿರಿಯರಿಂದಲೇ ಇಂತಹ ಶಬ್ದಗಳನ್ನು ಕೇಳಿ ತರಬಲ್ಲರು. ಕುರಿಯ ಬೆನ್ನಿನ ಮೇಲೆ ಕೈಯಿಟ್ಟು ‘ಇದು ಅದಕ್ಕಿಂತ ಮೇಲು’ ಎಂದವನನ್ನು ‘ಏಕೆ’ ಎಂದು ಕೇಳಿ, ಅವನ ಉತ್ತರವನ್ನು ಅವನ ಮಾತಿನಲ್ಲಿಯೇ ಬರೆದುಕೊಂಡರೆ ಕಾರ್ಯವು ಆರಂಭವಾದಂತೆಯೇ ಸರಿ.